ಮನೆಗೆ ಇಂಟರ್ನೆಟ್ ಫೋನ್: ನಂಬಬಹುದಾದ ಕಂಪನಿಯನ್ನು ಆರಿಸುವುದು ಹೇಗೆ?

‘ಮನೆಗೆ ಇಂಟರ್ನೆಟ್ ಫೋನ್ ಹಾಕಿಸಬೇಕು, ಯಾವ ಕಂಪನಿ ಒಳ್ಳೆಯದು?’ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇದನ್ನೇ ತಗೊಳ್ಳಿ ಅಂತ ಯಾವ ಕಂಪನಿಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಒಂದು ಮನೆಯಲ್ಲಿ ಚೆನ್ನಾಗಿ ನಡೆಯುವ ಸೇವೆ ಪಕ್ಕದ ಮನೆಯಲ್ಲಿ ಕೈ ಕೊಡಬಹುದು. ಅರ್ಧ ಕೆಲಸ ಕಂಪನಿಯದು, ಇನ್ನರ್ಧ ನಿಮ್ಮ ಮನೆಯ ನೆಟ್‌ನದು, ಅಲ್ವಾ?

ಇನ್ನೊಂದು ಮಾತು. ಸೇರಿಸಿಕೊಳ್ಳುವಾಗ ಎಲ್ಲ ಕಂಪನಿಗಳೂ ಒಳ್ಳೆಯವೇ. ಮೊದಲ ತಿಂಗಳು ಉಚಿತ, ಪೆಟ್ಟಿಗೆ ಉಚಿತ ಎಂದು ಮೂಗಿಗೆ ತುಪ್ಪ ಸವರುವುದು ಎಲ್ಲರಿಗೂ ಬರುತ್ತದೆ. ನಾನು ನೋಡುವುದು ಎರಡೇ ವಿಷಯ. ಕರೆಂಟ್ ಹೋದಾಗ, ನೆಟ್ ಕೆಟ್ಟಾಗ ಇವರು ಏನು ಮಾಡುತ್ತಾರೆ? ‘ನಾನು ಬಿಟ್ಟು ಹೋಗುತ್ತೇನೆ, ನನ್ನ ನಂಬರ್ ಕೊಡಿ’ ಅಂದರೆ ಏನು ಮಾಡುತ್ತಾರೆ? ಕೆಳಗಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇವೆ.

ಮೊದಲು, ಇದು ಹೇಗೆ ಕೆಲಸ ಮಾಡುತ್ತದೆ

ಹಳೆಯ ಲ್ಯಾಂಡ್‌ಲೈನಿನಲ್ಲಿ ನಿಮ್ಮ ಮಾತು ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜ್‌ಗೆ ಹೋಗುತ್ತದೆ. ಇಂಟರ್ನೆಟ್ ಫೋನಿನಲ್ಲಿ ಅದೇ ಮಾತು ಸಣ್ಣ ಸಣ್ಣ ತುಂಡುಗಳಾಗಿ, ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡಿನಂತೆ, ನಿಮ್ಮ ಬ್ರಾಡ್‌ಬ್ಯಾಂಡ್ ಮೇಲೆ ಹೋಗುತ್ತದೆ. ಆ ಕಡೆ ಕಂಪನಿಯ ಸರ್ವರ್ ಅದನ್ನು ಮಾಮೂಲಿ ಫೋನ್ ಜಾಲಕ್ಕೆ ಸೇರಿಸುತ್ತದೆ. ಇದನ್ನೇ ವಿಒಐಪಿ ಅಥವಾ ವಾಯ್ಪ್ ಅನ್ನುವುದು.

ಇನ್ನು ಮೂರು ಪದ ಗೊತ್ತಿದ್ದರೆ ಸಾಕು. ಎಟಿಎ ಅಂದರೆ ಒಂದು ಪುಟ್ಟ ಪೆಟ್ಟಿಗೆ. ಅದರ ಒಂದು ಕಡೆ ರೌಟರಿನ ಕೇಬಲ್, ಇನ್ನೊಂದು ಕಡೆ ನಿಮ್ಮ ಹಳೆಯ ಫೋನಿನ ತಂತಿ. ಸಿಪ್ ಅಂದರೆ ಕರೆ ಹಚ್ಚುವುದು, ರಿಂಗ್ ಮಾಡಿಸುವುದು, ಮುಗಿಸುವುದು ಇವನ್ನೆಲ್ಲ ನೋಡಿಕೊಳ್ಳುವ ನಿಯಮಗಳು. ಬಹುತೇಕ ಎಲ್ಲ ಕಂಪನಿಗಳೂ ಇದನ್ನೇ ಬಳಸುತ್ತವೆ. ಪೋರ್ಟಿಂಗ್ ಅಂದರೆ ನಿಮ್ಮ ಹಳೆಯ ನಂಬರನ್ನು ಹೊಸ ಕಂಪನಿಗೆ ಒಯ್ಯುವುದು.

ಕೈಯಲ್ಲಿ ಏನೇನು ಇರಬೇಕು

ಈಗಿನ ಫೋನಿನ ಕಳೆದ ಎರಡು ಮೂರು ಬಿಲ್. ರೌಟರಿನ ಮಾಡೆಲ್ ಹೆಸರು, ಅದು ಅದರ ಬೆನ್ನ ಮೇಲೆ ಬರೆದಿರುತ್ತದೆ. ಜೊತೆಗೆ ಒಂದು ಪಟ್ಟಿ: ಈಗಿನ ಫೋನ್ ಲೈನಿಗೆ ಫೋನ್ ಬಿಟ್ಟು ಬೇರೆ ಏನೇನು ಜೋಡಿಸಿದೆ? ಕಳ್ಳರ ಅಲಾರಂ, ಫ್ಯಾಕ್ಸ್, ವಯಸ್ಸಾದವರು ಒತ್ತುವ ತುರ್ತು ಗುಂಡಿ, ಲಿಫ್ಟಿನೊಳಗಿನ ಫೋನ್. ಈ ಪಟ್ಟಿಯನ್ನು ಜನ ಮರೆಯುತ್ತಾರೆ. ಹಳೆಯ ಲೈನ್ ಕತ್ತರಿಸಿ ಎಷ್ಟೋ ದಿನ ಆದ ಮೇಲೆ ಅಲಾರಂ ಸುಮ್ನೆ ಗೋಡೆಯ ಮೇಲೆ ಕೂತಿದೆ ಅಂತ ಗೊತ್ತಾಗುತ್ತದೆ. ಇಂಥ ಯಂತ್ರಗಳು ಫೋನ್ ಲೈನಿನಲ್ಲಿ ಶಬ್ದದ ಸಂಕೇತ ಕಳಿಸುತ್ತವೆ. ಮಾತಿಗೆ ಸರಿಹೋಗುವ ವಾಯ್ಪ್ ಲೈನ್ ಈ ಸಂಕೇತಕ್ಕೆ ಸರಿಹೋಗಲೇಬೇಕು ಅಂತಿಲ್ಲ. ಫ್ಯಾಕ್ಸ್ ಬೇಕಿದ್ದರೆ ‘ಟಿ.38 ಇದೆಯಾ?’ ಎಂದು ಕೇಳಿ. ಇಂಟರ್ನೆಟ್ ಮೇಲೆ ಫ್ಯಾಕ್ಸ್ ಕಳಿಸಲೆಂದೇ ಇರುವ ವಿಧಾನ ಅದು. ಅಲಾರಂ ಮತ್ತು ತುರ್ತು ಗುಂಡಿಯ ಬಗ್ಗೆ ಫೋನ್ ಕಂಪನಿಯನ್ನು ಕೇಳಿ ಪ್ರಯೋಜನವಿಲ್ಲ, ಅವನ್ನು ಹಾಕಿಕೊಟ್ಟವರನ್ನೇ ಕೇಳಿ.

ಹಂತ 1: ನಿಮಗೆ ಯಾವ ಬಗೆ ಬೇಕು?

ಸ್ಥೂಲವಾಗಿ ನಾಲ್ಕು ಬಗೆ. ಒಂದು, ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯೇ ಕೊಡುವ ಫೋನ್. ಎರಡು, ಬೇರೆ ಕಂಪನಿ ತನ್ನದೇ ಪೆಟ್ಟಿಗೆ ಕಳಿಸಿ ಕೊಡುವ ಸೇವೆ. ಮೂರು, ಬರೀ ಲೈನ್ ಕೊಡುವವರು. ಇಲ್ಲಿ ಎಟಿಎ ಅಥವಾ ಐಪಿ ಫೋನನ್ನು (ಎಟಿಎ ಇಲ್ಲದೆ ನೇರ ರೌಟರಿಗೇ ಜೋಡಿಸುವ ಫೋನ್) ನೀವೇ ತಂದು, ಅವರು ಕೊಟ್ಟ ಸಿಪ್ ಹೆಸರು, ಪಾಸ್‌ವರ್ಡ್ ಹಾಕಿಕೊಳ್ಳಬೇಕು. ನಾಲ್ಕು, ಮೊಬೈಲಿನಲ್ಲಿ ಆಪ್ ಮಾತ್ರ.

ನನ್ನ ಅಭಿಪ್ರಾಯ ಕೇಳಿದರೆ, ಆಪ್ ಮಾತ್ರ ಇರುವ ಸೇವೆ ಎರಡನೇ ನಂಬರಿಗೆ ಸರಿ, ಮನೆಯ ಮುಖ್ಯ ಫೋನಿಗೆ ಬೇಡ. ಮೊಬೈಲ್ ಬ್ಯಾಟರಿ ಉಳಿಸಲು ಆಪನ್ನು ಮಲಗಿಸಿದರೆ ಕರೆ ಬಂದದ್ದೇ ಗೊತ್ತಾಗುವುದಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಎಟಿಎ ಒಳ್ಳೆಯದು. ಕೈಗೆ ಅಭ್ಯಾಸವಾದ ಅದೇ ಫೋನ್, ಅದೇ ಜಾಗ, ಹೊಸದಾಗಿ ಏನೂ ಕಲಿಯಬೇಕಾಗಿಲ್ಲ.

ಬ್ರಾಡ್‌ಬ್ಯಾಂಡ್ ಕಂಪನಿಯ ಫೋನ್ ಸುಲಭ. ಕೆಟ್ಟರೆ ದೂರು ಹೇಳಲು ಒಂದೇ ಕಡೆ, ‘ಅದು ನೆಟ್‌ನ ತೊಂದರೆ, ಅವರನ್ನು ಕೇಳಿ’ ಎಂಬ ಜಗಳವಿಲ್ಲ. ಆದರೆ ನಾಳೆ ಬ್ರಾಡ್‌ಬ್ಯಾಂಡ್ ಬದಲಾಯಿಸಬೇಕೆಂದರೆ ಫೋನೂ ಅಲ್ಲಾಡುತ್ತದೆ. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಬೇಕಾ ಅಂತ ಒಮ್ಮೆ ಯೋಚಿಸಿ.

ಎಡವುವ ಜಾಗ: ‘ಲಾಕ್’ ಆದ ಪೆಟ್ಟಿಗೆ. ಕಂಪನಿ ಉಚಿತವಾಗಿ ಕೊಡುವ ಎಟಿಎ ಹೆಚ್ಚಾಗಿ ಅವರ ಸೇವೆಗೆ ಮಾತ್ರ ನಡೆಯುತ್ತದೆ. ಬಿಟ್ಟ ಮೇಲೆ ಅದು ಕಸ, ಇಲ್ಲವೇ ವಾಪಸ್ ಕೊಡಬೇಕು. ಕೊಡದಿದ್ದರೆ ಎಷ್ಟು ಹಣ ಹಿಡಿದುಕೊಳ್ಳುತ್ತಾರೆ ಎಂದು ಮೊದಲೇ ಕೇಳಿ.

ಹಂತ 2: ಕಂಪನಿಗಿಂತ ಮೊದಲು ನಿಮ್ಮ ನೆಟ್ ಪರೀಕ್ಷಿಸಿ

ಮಾತಿಗೆ ಬೇಕಾದ ವೇಗ ತುಂಬ ಕಡಿಮೆ. ಫೋನ್ ಕಂಪನಿಗಳು ಹೆಚ್ಚಾಗಿ ಬಳಸುವ ಜಿ.711 ಎಂಬ ವಿಧಾನಕ್ಕೆ ಹೋಗಲು ಒಂದಷ್ಟು, ಬರಲು ಒಂದಷ್ಟು, ಒಂದೊಂದಕ್ಕೂ ಸುಮಾರು 90 ಕೆಬಿಪಿಎಸ್ ಸಾಕು. ಇಂದಿನ ಯಾವ ಬ್ರಾಡ್‌ಬ್ಯಾಂಡಿಗೂ ಅದೊಂದು ಲೆಕ್ಕವೇ ಅಲ್ಲ. ಹಾಗಾಗಿ ‘ನನ್ನದು 100 ಎಂಬಿಪಿಎಸ್, ತೊಂದರೆ ಇಲ್ಲ’ ಎಂಬ ಮಾತಿಗೆ ಅರ್ಥವಿಲ್ಲ. ನೋಡಬೇಕಾದದ್ದು ಬೇರೆ ಮೂರು.

ಲೇಟೆನ್ಸಿ ಅಂದರೆ ಮಾತು ಆ ಕಡೆ ತಲುಪಲು ಹಿಡಿಯುವ ಸಮಯ. ಬಾಯಿಂದ ಕಿವಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನೊಳಗೆ ಇರಬೇಕು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುವಿನ ಶಿಫಾರಸು. ಅದನ್ನು ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡುವುದು, ಒಟ್ಟಿಗೆ ನಿಲ್ಲಿಸುವುದು, ‘ಹಲೋ, ಹಲೋ, ನೀವು ಹೇಳಿ’ ಅನ್ನುವುದು, ಇದೇ ಆಗುತ್ತದೆ. ಜಿಟ್ಟರ್ ಅಂದರೆ ತುಂಡುಗಳು ಒಂದೇ ಸಮನೆ ಬಾರದೆ ಹಿಂದೆಮುಂದೆ ಆಗುವುದು. ಅದು 30 ಮಿಲಿಸೆಕೆಂಡಿನ ಒಳಗಿದ್ದರೆ ನೆಮ್ಮದಿ. ಪ್ಯಾಕೆಟ್ ಲಾಸ್ ಅಂದರೆ ದಾರಿಯಲ್ಲೇ ಕಳೆದುಹೋದ ತುಂಡುಗಳು. ಇದು ಶೇ. 1ರ ಒಳಗಿರಬೇಕು. ಎಷ್ಟೋ ಸ್ಪೀಡ್ ಟೆಸ್ಟ್ ತಾಣಗಳು ಇವನ್ನೂ ತೋರಿಸುತ್ತವೆ, ನಾವು ಮೇಲಿನ ದೊಡ್ಡ ಸಂಖ್ಯೆ ನೋಡಿ ಮುಚ್ಚಿಬಿಡುತ್ತೇವೆ ಅಷ್ಟೇ.

ಪರೀಕ್ಷೆಯನ್ನು ಮಟಮಟ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ ಮಾಡಬೇಡಿ. ರಾತ್ರಿ, ಎಲ್ಲರೂ ವಿಡಿಯೋ ನೋಡುವ ಹೊತ್ತಿಗೆ ಮಾಡಿ. ಒಮ್ಮೆ ವೈಫೈನಲ್ಲಿ, ಒಮ್ಮೆ ರೌಟರಿಗೆ ನೇರ ಕೇಬಲ್ ಹಾಕಿ. ಆಮೇಲೆ ಇನ್ನೊಂದು ಕಂಪ್ಯೂಟರಿನಿಂದ ಒಂದು ದೊಡ್ಡ ಫೈಲ್ ಅಪ್‌ಲೋಡ್ ಹಚ್ಚಿ, ಅದು ಓಡುತ್ತಿರುವಾಗಲೇ ಮತ್ತೆ ಪರೀಕ್ಷಿಸಿ. 20 ಇದ್ದ ಲೇಟೆನ್ಸಿ 400, 500ಕ್ಕೆ ಏರಿತೇ? ಹಾಗಾದರೆ ನಿಮ್ಮ ರೌಟರಿನಲ್ಲಿ ಸಾಲು ಕಟ್ಟಿಕೊಳ್ಳುತ್ತಿದೆ. ಯಾರಾದರೂ ಫೋಟೋಗಳನ್ನು ಮೇಲೆ ಕಳಿಸುತ್ತಿದ್ದಂತೆ ನಿಮ್ಮ ಮಾತು ತುಂಡಾಗುತ್ತದೆ. ಫೋನ್ ಕಂಪನಿ ಬದಲಾಯಿಸಿದರೆ ಇದು ಹೋಗುವುದಿಲ್ಲ. ರೌಟರಿನ ಸೆಟ್ಟಿಂಗಿನಲ್ಲಿ ಕ್ಯೂಒಎಸ್, ಅಂದರೆ ಯಾವುದಕ್ಕೆ ಮೊದಲು ದಾರಿ ಬಿಡಬೇಕು ಎಂಬ ಆಯ್ಕೆ ಇದ್ದರೆ, ಫೋನಿಗೆ ಮೊದಲ ಸ್ಥಾನ ಕೊಡಿ.

ಹಂತ 3: ಕಂಪನಿಯ ಹಿನ್ನೆಲೆ ಕೆದಕಿ

ಮೊದಲು ಪರವಾನಗಿ. ನೀವಿರುವ ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆಯ ಅಥವಾ ಸರ್ಕಾರದ ಟೆಲಿಕಾಂ ಇಲಾಖೆಯ ತಾಣದಲ್ಲಿ ಕಂಪನಿಯ ಹೆಸರು ಹುಡುಕಿ. ಬಿಲ್ಲಿನ ಮೇಲಿನ ಕಾನೂನುಬದ್ಧ ಹೆಸರು ಹುಡುಕಬೇಕು, ಜಾಹೀರಾತಿನ ಹೆಸರಲ್ಲ. ಇಂಟರ್ನೆಟ್ ಕರೆಯನ್ನು ಮಾಮೂಲಿ ಫೋನ್ ಜಾಲಕ್ಕೆ ಸೇರಿಸುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಒಂದು ದೇಶದಲ್ಲಿ ಕಾನೂನುಬದ್ಧವಾದ ಸೇವೆಯನ್ನು ಇನ್ನೊಂದು ದೇಶದಲ್ಲಿ ಕೂತು ಬಳಸಿದರೆ ತಪ್ಪಾಗಬಹುದು. ಹಾಗಾಗಿ ಈ ಹಂತವನ್ನು ಹಾರಿಸಬೇಡಿ.

ಎರಡನೆಯದು, ಇವರೇ ನಡೆಸುತ್ತಾರಾ, ಇಲ್ಲ ಬೇರೆಯವರದ್ದನ್ನು ಮಾರುತ್ತಾರಾ? ಮಾರುವವರನ್ನು ರೀಸೆಲ್ಲರ್ ಅನ್ನುತ್ತಾರೆ. ರೀಸೆಲ್ಲರ್ ಆಗಿರುವುದೇನೂ ತಪ್ಪಲ್ಲ. ಆದರೆ ನಡುವೆ ಒಬ್ಬರು ಬಂದರೆ ನಿಮ್ಮ ನಂಬರ್ ನಿಜವಾಗಿ ಯಾರ ಬಳಿ ಇದೆ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ನೇರವಾಗಿ ಕೇಳಿ. ನೇರ ಉತ್ತರ ಬರದಿದ್ದರೆ ಅದೇ ಉತ್ತರ.

ಮೂರನೆಯದು, ಕಂಪನಿ ಮುಚ್ಚಿದರೆ? ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದಲ್ಲಿ ಸನ್‌ರಾಕೆಟ್ ಎಂಬ ಇಂಟರ್ನೆಟ್ ಫೋನ್ ಕಂಪನಿ 2007ರ ಜುಲೈನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಆಗ ಅದಕ್ಕೆ 2 ಲಕ್ಷಕ್ಕೂ ಜಾಸ್ತಿ ಗ್ರಾಹಕರಿದ್ದರು. ಅಗ್ಗವಾಗುತ್ತದೆ ಅಂತ ಇಡೀ ವರ್ಷದ ಹಣ ಮೊದಲೇ ಕಟ್ಟಿದವರು ಅವರಲ್ಲಿ ಬಹಳ ಮಂದಿ. ಸಣ್ಣ ಕಂಪನಿಯ ಕಥೆ ಬಿಡಿ ಅನ್ನುತ್ತೀರಾ? 2003ರಲ್ಲಿ ಶುರುವಾಗಿ ಮನೆಮಾತಾಗಿದ್ದ ಸ್ಕೈಪ್ ಅನ್ನೇ ಮೈಕ್ರೋಸಾಫ್ಟ್ 2025ರ ಮೇ 5ರಂದು ನಿಲ್ಲಿಸಿತು. ಅಲ್ಲಿ ಮುಂಚಿತವಾಗಿ ತಿಳಿಸಿದ್ದರು, ಆದರೂ ಸ್ಕೈಪ್ ನಂಬರ್ ಇಟ್ಟುಕೊಂಡಿದ್ದವರು ಬೇರೆ ಕಡೆ ಒಯ್ಯಬೇಕಾಯಿತು.

ಆದ್ದರಿಂದ ಮೊದಲ ವರ್ಷ ತಿಂಗಳಿಗೆ ಕಟ್ಟುವ ಪ್ಲಾನ್ ತಗೊಳ್ಳಿ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಪ್ರೀಪೇಯ್ಡ್ ಆದರೆ ಕಳೆದುಕೊಂಡರೂ ನಿದ್ದೆ ಕೆಡದಷ್ಟೇ ಹಣ ಹಾಕಿಡಿ.

ವಿಮರ್ಶೆಗಳ ವಿಷಯ. ‘ಅತ್ಯುತ್ತಮ ಹತ್ತು ಕಂಪನಿಗಳು’ ಬಗೆಯ ಪಟ್ಟಿಗಳಲ್ಲಿ ಬಹಳಷ್ಟು ಕಮಿಷನ್‌ಗೆ ಬರೆದವು. ನೀವು ಆ ಕೊಂಡಿ ಒತ್ತಿ ಸೇರಿದರೆ ಬರೆದವರಿಗೆ ಹಣ ಹೋಗುತ್ತದೆ. ಅದನ್ನು ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹೇಳಿರುತ್ತಾರೆ. ಐದು ನಕ್ಷತ್ರದ ಹೊಗಳಿಕೆಯನ್ನೂ, ಒಂದು ನಕ್ಷತ್ರದ ಬೈಗುಳವನ್ನೂ ಪಕ್ಕಕ್ಕಿಟ್ಟು ಎರಡು ಮೂರು ನಕ್ಷತ್ರದವನ್ನು ಓದಿ. ಆ ಬರಹಗಳಲ್ಲಿ ವಿವರ ಇರುತ್ತದೆ. ಬೈಗುಳಗಳಲ್ಲಿ ಎರಡು ದೂರು ಮಾತ್ರ ಹುಡುಕಿ: ‘ಬಿಟ್ಟ ಮೇಲೂ ಹಣ ಕಡಿತ ಆಗುತ್ತಿದೆ’, ‘ನಂಬರ್ ಬಿಟ್ಟುಕೊಡುತ್ತಿಲ್ಲ’. ಈ ದೂರು ಹೊಸ ತಾರೀಖಿನಲ್ಲಿ ಹಲವು ಸಲ ಕಂಡರೆ ಆ ಕಂಪನಿಗೆ ಕೈ ಮುಗಿಯಿರಿ. ಧ್ವನಿ ಕೆಟ್ಟಿದೆ ಎಂಬ ದೂರಿಗೆ ನಾನು ಅಷ್ಟು ತೂಕ ಕೊಡುವುದಿಲ್ಲ, ಅದು ಬರೆದವರ ಮನೆಯ ರೌಟರಿನ ತಪ್ಪೂ ಆಗಿರಬಹುದು.

ಹಂತ 4: ಕರೆಂಟ್ ಹೋದಾಗ, ತುರ್ತು ಕರೆ ಮಾಡುವಾಗ

ತಾಮ್ರದ ಲ್ಯಾಂಡ್‌ಲೈನಿಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತದೆ, ಆ ತಂತಿಯಲ್ಲೇ ಸುಮಾರು 48 ವೋಲ್ಟ್ ಇರುತ್ತದೆ. ಅದಕ್ಕೇ ಮನೆ ಕತ್ತಲಾದರೂ ಹಳೆಯ ಫೋನ್ ಬಡಿಯುತ್ತಿತ್ತು. ಇಂಟರ್ನೆಟ್ ಫೋನಿಗೆ ಈ ಭಾಗ್ಯವಿಲ್ಲ. ಫೈಬರ್ ಪೆಟ್ಟಿಗೆ, ರೌಟರ್, ಎಟಿಎ ಮೂರಕ್ಕೂ ಮನೆಯ ಕರೆಂಟ್ ಬೇಕು, ಕಾರ್ಡ್‌ಲೆಸ್ ಆದರೆ ಅದರ ಸ್ಟ್ಯಾಂಡಿಗೂ ಬೇಕು. ಒಂದು ಸಣ್ಣ ಯುಪಿಎಸ್ ಸಾಕು, ಆದರೆ ಇವೆಲ್ಲವೂ ಅದರ ಮೇಲೇ ಇರಬೇಕು. ರೌಟರಿಗೆ ಯುಪಿಎಸ್ ಕೊಟ್ಟು ಫೈಬರ್ ಪೆಟ್ಟಿಗೆಯನ್ನು ಗೋಡೆಯ ಸಾಕೆಟ್ಟಿನಲ್ಲೇ ಬಿಡುವುದು ತುಂಬ ಸಾಮಾನ್ಯವಾದ ತಪ್ಪು.

ಕಂಪನಿಯನ್ನು ಕೇಳಬೇಕಾದದ್ದು: ನನ್ನ ಲೈನ್ ಸತ್ತಿದ್ದಾಗ ಬಂದ ಕರೆ ಎಲ್ಲಿಗೆ ಹೋಗುತ್ತದೆ? ಒಳ್ಳೆಯ ಸೇವೆಯಲ್ಲಿ ಅದು ತಾನಾಗಿ ನೀವು ಕೊಟ್ಟ ಮೊಬೈಲಿಗೆ ತಿರುಗುತ್ತದೆ. ಈ ಸೌಲಭ್ಯ ಇಲ್ಲದ ಕಂಪನಿಯನ್ನು ನಾನಾದರೆ ಆರಿಸುವುದಿಲ್ಲ.

ಇನ್ನು ತುರ್ತು ಸಂಖ್ಯೆ. ಹಳೆಯ ಲೈನ್ ಒಂದು ವಿಳಾಸಕ್ಕೆ ಗಟ್ಟಿಯಾಗಿ ಕಟ್ಟಿದ್ದು, ನೀವು ಮಾತಾಡಲಾಗದಿದ್ದರೂ ಕರೆ ಎಲ್ಲಿಂದ ಬಂತು ಎಂದು ಹುಡುಕಬಹುದಿತ್ತು. ಇಂಟರ್ನೆಟ್ ಫೋನಿನ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಬೇರೆ ಊರಿಗೆ ಹೋದರೂ ಅದೇ ನಂಬರ್ ನಡೆಯುತ್ತದೆ. ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ, ನೀವು ಖಾತೆಯಲ್ಲಿ ಬರೆದ ವಿಳಾಸವಷ್ಟೇ ಗೊತ್ತು. ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2005ರಲ್ಲಿ ಇಂಥ ಕಂಪನಿಗಳು ತುರ್ತು ಕರೆ ಸೌಲಭ್ಯ ಕೊಡಲೇಬೇಕು ಎಂದಿತು. ಜೊತೆಗೆ ಅದರ ಮಿತಿಗಳನ್ನು ಗ್ರಾಹಕರಿಗೆ ತಿಳಿಸಿ, ಯಂತ್ರಕ್ಕೆ ಅಂಟಿಸಲು ಎಚ್ಚರಿಕೆಯ ಸ್ಟಿಕ್ಕರ್ ಕೊಡಬೇಕು ಎಂದೂ ಹೇಳಿತು. ಎಲ್ಲ ದೇಶಗಳಲ್ಲೂ ಇಂಥ ನಿಯಮ ಇದೆ ಅಂದುಕೊಳ್ಳಬೇಡಿ. ಮೂರು ಪ್ರಶ್ನೆ ಬರವಣಿಗೆಯಲ್ಲಿ ಕೇಳಿ: ತುರ್ತು ಸಂಖ್ಯೆಗಳಿಗೆ ಕರೆ ಹೋಗುತ್ತದೆಯೇ? ನನ್ನ ವಿಳಾಸ ಅವರಿಗೆ ಕಾಣುತ್ತದೆಯೇ? ಮನೆ ಬದಲಾಯಿಸಿದರೆ ವಿಳಾಸ ತಿದ್ದುವುದು ಹೇಗೆ? ಉತ್ತರ ಏನೇ ಬರಲಿ, ಒಂದು ಮೊಬೈಲ್ ಯಾವಾಗಲೂ ಚಾರ್ಜ್ ಆಗಿರಲಿ. ತುರ್ತು ಸಂಖ್ಯೆಯನ್ನು ತಮಾಷೆಗೆ ಒತ್ತಿ ಪರೀಕ್ಷೆ ಮಾಡಬೇಡಿ. ಪರೀಕ್ಷೆಗೆ ಬೇರೆ ಸಂಖ್ಯೆ ಇದೆಯೇ ಎಂದು ಕಂಪನಿಯನ್ನೇ ಕೇಳಿ.

ಹಂತ 5: ಬಿಲ್ಲಿನ ಲೆಕ್ಕ

ಜಾಹೀರಾತಿನ ದರವನ್ನು ಬಿಟ್ಟು ನಿಜವಾಗಿ ಕೈಯಿಂದ ಹೋಗುವ ಹಣ ಲೆಕ್ಕ ಹಾಕಿ. ತಿಂಗಳ ಬಾಡಿಗೆ, ತೆರಿಗೆ ಮತ್ತು ಸರ್ಕಾರಿ ಶುಲ್ಕ, ಪೆಟ್ಟಿಗೆಯ ಬಾಡಿಗೆ, ಶುರು ಮಾಡುವ ಶುಲ್ಕ, ನಂಬರ್ ತರುವ ಶುಲ್ಕ, ಮಧ್ಯದಲ್ಲಿ ಬಿಟ್ಟರೆ ದಂಡ. ರಿಯಾಯಿತಿ ಮುಗಿದ ಮೇಲಿನ ದರ ಎಷ್ಟು ಅನ್ನುವುದೇ ಮುಖ್ಯ, ಏಕೆಂದರೆ ಬಹುಕಾಲ ಕಟ್ಟುವುದು ಅದನ್ನೇ.

‘ಅನ್‌ಲಿಮಿಟೆಡ್’ ಎಂದು ಬರೆದ ಕಡೆ ‘ಫೇರ್ ಯೂಸ್’ ಎಂಬ ಷರತ್ತು ಹುಡುಕಿ. ಅಳತೆ ಮೀರಿ ಮಾತಾಡಿದರೆ ನಿಲ್ಲಿಸುವ ಅಥವಾ ಹಣ ಕೇಳುವ ಹಕ್ಕು ಅದರಲ್ಲಿರುತ್ತದೆ. ಷರತ್ತು ಇರುವುದು ತಪ್ಪಲ್ಲ. ಎಷ್ಟು ನಿಮಿಷ ಅಂತ ಹೇಳದೆ ‘ನಮಗೆ ಅತಿಯೆನಿಸಿದರೆ’ ಎಂದು ಬರೆದಿದ್ದರೆ ಅದು ತಪ್ಪು.

ನಿಮಿಷದ ಲೆಕ್ಕದ ಪ್ಲಾನ್ ಆದರೆ, ಸೆಕೆಂಡುಗಳನ್ನು ಪೂರ್ತಿ ನಿಮಿಷಕ್ಕೆ ಏರಿಸುತ್ತಾರಾ ನೋಡಿ. ನೀವು 10 ಸೆಕೆಂಡಿನ 10 ಕರೆ ಮಾಡಿದ್ದೀರಿ ಅನ್ನಿ. ಸೆಕೆಂಡಿನ ಲೆಕ್ಕದಲ್ಲಿ ಅದು 100 ಸೆಕೆಂಡು, ಅಂದರೆ 1 ನಿಮಿಷ 40 ಸೆಕೆಂಡು. ಪ್ರತಿ ಕರೆಯನ್ನೂ ಪೂರ್ತಿ ನಿಮಿಷಕ್ಕೆ ಏರಿಸುವ ಕಂಪನಿಯಲ್ಲಿ ಅದೇ 10 ನಿಮಿಷ. ನಿಮಿಷದ ದರ ಅಗ್ಗ ಕಂಡರೂ ಬಿಲ್ ದುಬಾರಿಯಾಗುವುದು ಹೀಗೆ. ದರಪಟ್ಟಿಯಲ್ಲಿ ‘60/60’ ಎಂದಿದ್ದರೆ ನಿಮಿಷಕ್ಕೆ ಏರಿಸುತ್ತಾರೆ ಅಂತ, ‘1/1’ ಎಂದಿದ್ದರೆ ಸೆಕೆಂಡಿನ ಲೆಕ್ಕ ಅಂತ ಅರ್ಥ. ನಿಮ್ಮ ಹಳೆಯ ಬಿಲ್ ತೆಗೆದು, ಅದೇ ಕರೆಗಳಿಗೆ ಹೊಸ ದರದಲ್ಲಿ ಎಷ್ಟಾಗುತ್ತಿತ್ತು ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಮೊಬೈಲಿಗೆ ಮಾಡುವ ಕರೆಯ ದರ ಬೇರೆ ಇದೆಯೇ ಅನ್ನುವುದನ್ನೂ ನೋಡಿ.

ಹಂತ 6: ಬಿಡುವ ದಾರಿ

ಸೇರುವ ಮೊದಲೇ ಒಂದು ಪ್ರಶ್ನೆ ಇಮೇಲಿನಲ್ಲಿ ಕಳಿಸಿ: ‘ಮುಂದೆ ಸೇವೆ ಬೇಡವಾದರೆ ನನ್ನ ನಂಬರನ್ನು ಬೇರೆ ಕಂಪನಿಗೆ ಒಯ್ಯಬಹುದೇ? ಶುಲ್ಕ ಎಷ್ಟು? ವಿಧಾನ ಏನು?’ ಈ ಪ್ರಶ್ನೆ ಎರಡು ಕೆಲಸ ಮಾಡುತ್ತದೆ. ಉತ್ತರವೂ ಸಿಗುತ್ತದೆ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು, ಬರೆದದ್ದು ಮನುಷ್ಯರೇ ಹೌದಾ ಎನ್ನುವುದೂ ತಿಳಿಯುತ್ತದೆ. ಮಾರಾಟದವರಿಗೆ ಕರೆ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಾರೆ, ಅದನ್ನು ನೋಡಿ ಮರುಳಾಗಬೇಡಿ. ಸಹಾಯದ ವಿಭಾಗಕ್ಕೆ ಫೋನ್ ಅಲ್ಲದೆ ಚಾಟ್ ಅಥವಾ ಇಮೇಲ್ ಇರಬೇಕು. ಕೆಟ್ಟಿರುವುದೇ ಫೋನ್ ಆದಾಗ ಫೋನ್ ಮಾಡಿ ಅಂದರೆ ಹೇಗೆ?

ಷರತ್ತುಗಳ ಪುಟದಲ್ಲಿ ಇನ್ನೆರಡು ವಾಕ್ಯ ಹುಡುಕಿ. ನಂಬರ್ ಯಾರದ್ದು ಎಂಬುದು ಒಂದು. ಕೆಲವು ಕಡೆ ಹೊಸದಾಗಿ ಕೊಟ್ಟ ನಂಬರನ್ನು ಒಯ್ಯಲು ಬಿಡುವುದಿಲ್ಲ. ಸೇವೆ ನಿಲ್ಲಿಸುವ ವಿಧಾನ ಇನ್ನೊಂದು. ಸೇರುವುದು ಆನ್‌ಲೈನಿನಲ್ಲಿ ಎರಡೇ ನಿಮಿಷ, ಬಿಡುವುದಕ್ಕೆ ಮಾತ್ರ ಕಚೇರಿ ಸಮಯದಲ್ಲಿ ಕರೆ ಮಾಡಿ ಕಾಯಬೇಕು ಅಂತಿದ್ದರೆ ಅವರ ಬುದ್ಧಿ ಅಲ್ಲೇ ಗೊತ್ತಾಯಿತು.

ಹಂತ 7: ಭದ್ರತೆ

ಜನ ಇದನ್ನು ಕಡೆಗಣಿಸುತ್ತಾರೆ. ಇಂಟರ್ನೆಟ್ಟಿನಲ್ಲಿ ಸಿಪ್ ಲೈನುಗಳನ್ನು ಹುಡುಕುತ್ತ, ಸುಲಭದ ಪಾಸ್‌ವರ್ಡ್ ಒಂದೊಂದಾಗಿ ಹಾಕಿ ನೋಡುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಒಳಗೆ ನುಗ್ಗಿದರೆ ನಿಮ್ಮ ಲೈನಿನಿಂದ ದೂರದ ದೇಶಗಳ ದುಬಾರಿ ಸಂಖ್ಯೆಗಳಿಗೆ ಕರೆ ಹೋಗುತ್ತದೆ, ಆ ಹಣದಲ್ಲಿ ಪಾಲು ಕಳ್ಳರಿಗೆ. ಹೆಚ್ಚಾಗಿ ಇದು ನಡೆಯುವುದು ರಾತ್ರಿ ಅಥವಾ ರಜೆಯ ದಿನ, ಯಾರೂ ನೋಡದಿರುವಾಗ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗಬಾರದು. ಕಂಪನಿಯ ಖಾತೆಯ ಪುಟದಲ್ಲಿ ಇವು ಇವೆಯೇ ನೋಡಿ:

- ವಿದೇಶಿ ಕರೆಗಳನ್ನು ಪೂರ್ತಿ ನಿಲ್ಲಿಸುವ, ಅಥವಾ ಬೇಕಾದ ದೇಶಕ್ಕಷ್ಟೇ ಬಿಡುವ ಆಯ್ಕೆ
- ದಿನಕ್ಕೆ ಇಷ್ಟೇ ಖರ್ಚು ಎಂಬ ಮಿತಿ
- ಹಣ ಮುಗಿದಾಗ ಕಾರ್ಡಿನಿಂದ ತಾನಾಗಿ ತುಂಬಿಕೊಳ್ಳುವುದನ್ನು ನಿಲ್ಲಿಸುವ ಅವಕಾಶ
- ಖಾತೆಗೆ ಎರಡು ಹಂತದ ಲಾಗಿನ್, ಅಂದರೆ ಪಾಸ್‌ವರ್ಡ್ ಜೊತೆಗೆ ಒಟಿಪಿ ಅಥವಾ ಆಪ್‌ನ ಸಂಖ್ಯೆ

ಮೊದಲ ಎರಡು ಇಲ್ಲದಿದ್ದರೆ ಬೇಡ. ಎಟಿಎ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ.

ಮಾತಿನ ಗುಟ್ಟು ಉಳಿಯುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ‘ನಮ್ಮ ಕರೆಗಳು ಎನ್‌ಕ್ರಿಪ್ಟ್ ಆಗಿವೆ’, ಅಂದರೆ ಬೇರೆಯವರು ಕದ್ದು ಕೇಳದಂತೆ ಬೀಗ ಹಾಕಿದೆ ಎಂದರೆ, ಕರೆ ಹಚ್ಚುವ ಸಂದೇಶಕ್ಕೆ ಟಿಎಲ್‌ಎಸ್, ಮಾತಿಗೆ ಎಸ್‌ಆರ್‌ಟಿಪಿ ಎರಡೂ ಇದೆಯೇ ಕೇಳಿ. ಇದ್ದರೂ ಆ ಬೀಗ ನಿಮ್ಮ ಮನೆಯಿಂದ ಕಂಪನಿಯ ಸರ್ವರಿನವರೆಗೆ ಮಾತ್ರ. ಅಲ್ಲಿಂದಾಚೆ ಮಾಮೂಲಿ ಫೋನ್ ಜಾಲ. ಕರೆ ರೆಕಾರ್ಡಿಂಗ್, ವಾಯ್ಸ್‌ಮೇಲ್ ಅನ್ನು ಬರಹವಾಗಿಸುವುದು ಇಂಥ ಸೌಲಭ್ಯ ಬೇಡವಾದರೆ ಆಫ್ ಮಾಡಿ.

ಹಂತ 8: ಹಳೆಯ ನಂಬರ್ ಮುಟ್ಟದೆ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮ ನಂಬರನ್ನು ಈಗಲೇ ಕೊಡಬೇಡಿ. ಹೊಸ ಕಂಪನಿಯಿಂದ ಒಂದು ಹೊಸ ನಂಬರ್ ತಗೊಂಡು, ಹಳೆಯ ಲೈನ್ ಹಾಗೇ ಇಟ್ಟು, ಒಂದು ತಿಂಗಳಾದರೂ ಎರಡನ್ನೂ ಬಳಸಿ. ಎರಡು ಬಿಲ್ ಬರುತ್ತದೆ, ಬರಲಿ. ನಂಬರ್ ಕೊಟ್ಟುಬಿಟ್ಟ ಮೇಲೆ ಪರದಾಡುವುದಕ್ಕಿಂತ ಇದು ಅಗ್ಗ.

ಪರೀಕ್ಷೆ ಮಾಡುವುದು ಹೀಗೆ. ಮೊಬೈಲಿಗೆ, ಲ್ಯಾಂಡ್‌ಲೈನಿಗೆ, ಬೇರೆ ಬೇರೆ ಕಂಪನಿಯ ನಂಬರುಗಳಿಗೆ ಕರೆ ಮಾಡಿ. ಆ ಕಡೆಯವರಿಗೆ ನಿಮ್ಮ ನಂಬರ್ ಸರಿಯಾಗಿ ಕಾಣುತ್ತದೆಯೇ ಕೇಳಿ. ಅವರಿಂದ ವಾಪಸ್ ಕರೆ ಮಾಡಿಸಿ. ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ, ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂದಾಗ ಒತ್ತಿ ನೋಡಿ. ಮಾತು ಸ್ಪಷ್ಟ ಇದ್ದೂ ಗುಂಡಿ ಒತ್ತಿದ್ದು ಆ ಕಡೆ ಗೊತ್ತಾಗದಿರುವುದುಂಟು. ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತಿರುವಾಗ ಮಾತಾಡಿ. ರೌಟರ್ ಆಫ್ ಮಾಡಿ ನಿಮ್ಮ ಹೊಸ ನಂಬರಿಗೆ ಮೊಬೈಲಿನಿಂದ ಕರೆ ಮಾಡಿ, ಅದು ಹೇಳಿದ ಕಡೆ ತಿರುಗಿತೇ ನೋಡಿ. ಒಂದು ಕರೆಯನ್ನಾದರೂ ಮುಕ್ಕಾಲು ಗಂಟೆ ಎಳೆಯಿರಿ. ಮಾತಿಗೆ ಜನ ಸಿಗುವುದು ಕಷ್ಟವೇನಲ್ಲ.

ಕರೆ ಕಡಿದರೆ ಗಡಿಯಾರ ನೋಡಿ. ಎಷ್ಟು ಹೊತ್ತಿಗೆ ಕಡಿಯಿತು ಅನ್ನುವುದರಲ್ಲೇ ಕಾರಣದ ಸುಳಿವಿದೆ. ಪ್ರತಿ ಸಲ ಸರಿಯಾಗಿ 32 ಸೆಕೆಂಡಿಗೆ ಕಡಿದರೆ, ಅದು ಸಿಪ್‌ನ ಒಂದು ಟೈಮರ್. ಕರೆ ಎತ್ತಿದ ಮೇಲೆ ‘ಸರಿ, ಎತ್ತಿದ್ದು ಗೊತ್ತಾಯಿತು’ ಎಂಬ ಒಪ್ಪಿಗೆಯ ಸಂದೇಶ ಎತ್ತಿದವರ ಕಡೆಗೆ ಮುಟ್ಟಬೇಕು. ಮುಟ್ಟದಿದ್ದರೆ ಆ ಕಡೆಯ ಯಂತ್ರ 32 ಸೆಕೆಂಡು ಕಾದು ಕರೆ ಮುಗಿಸುತ್ತದೆ. ದಾರಿಯಲ್ಲಿ ಸಂದೇಶ ಹಾಳುಮಾಡುವುದು ಹೆಚ್ಚಾಗಿ ರೌಟರಿನ ‘ಸಿಪ್ ಎಎಲ್‌ಜಿ’ ಎಂಬ ಸೆಟ್ಟಿಂಗ್. ಸಹಾಯ ಮಾಡಲೆಂದು ಇಟ್ಟದ್ದು, ಎಷ್ಟೋ ರೌಟರುಗಳಲ್ಲಿ ಉಪದ್ರವವೇ ಜಾಸ್ತಿ. ಆಫ್ ಮಾಡಿ, ರೌಟರ್ ಒಮ್ಮೆ ಆರಿಸಿ ಹಚ್ಚಿ, ಮತ್ತೆ ನೋಡಿ. ಒಬ್ಬರ ಮಾತು ಮಾತ್ರ ಕೇಳಿಸುತ್ತದೆ, ಇನ್ನೊಬ್ಬರದ್ದಿಲ್ಲ ಅನ್ನುವುದಕ್ಕೂ ಮೊದಲ ಮದ್ದು ಇದೇ. 15 ಅಥವಾ 30 ನಿಮಿಷಕ್ಕೆ ಸರಿಯಾಗಿ ಕಡಿದರೆ ಅದು ‘ಕರೆ ಇನ್ನೂ ನಡೀತಿದೆಯಾ’ ಎಂದು ನಡುನಡುವೆ ವಿಚಾರಿಸುವ ಇನ್ನೊಂದು ಟೈಮರ್. ಹೊತ್ತಲ್ಲದ ಹೊತ್ತಿಗೆ ಕಡಿದರೆ ಮಾತ್ರ ನೆಟ್ ಅಥವಾ ವೈಫೈ ಮೇಲೆ ಅನುಮಾನ ಪಡಿ.

ಇಂಥದ್ದೇನಾದರೂ ಬಂದರೆ ಒಳ್ಳೆಯದೇ. ದಿನ, ಹೊತ್ತು, ಯಾವ ನಂಬರ್, ಎಷ್ಟು ಸೆಕೆಂಡಿಗೆ ಕಡಿಯಿತು ಬರೆದು ಕಂಪನಿಗೆ ಕಳಿಸಿ. ‘ರೌಟರ್ ರೀಸ್ಟಾರ್ಟ್ ಮಾಡಿ’ ಎಂದಷ್ಟೇ ಉತ್ತರ ಬಂದರೆ ಒಂದು ಗುರುತು ಹಾಕಿಕೊಳ್ಳಿ. ಅವರ ಕಡೆಯ ದಾಖಲೆ ತೆಗೆದು ‘ಇಂತಿಂಥ ಕರೆಯಲ್ಲಿ ಹೀಗಾಗಿದೆ’ ಎಂದು ಬರೆದರೆ ಅವರು ಕೆಲಸ ಗೊತ್ತಿರುವವರು, ಸ್ವಲ್ಪ ದುಬಾರಿಯಾದರೂ ಬಿಡಬೇಡಿ. ‘ಎಚ್‌ಡಿ ವಾಯ್ಸ್’, ಅಂದರೆ ಮಾಮೂಲಿಗಿಂತ ಸ್ಪಷ್ಟವಾದ ಧ್ವನಿ, ಇದೆಯೋ ಇಲ್ಲವೋ ಅಂತ ಮಾತ್ರ ತಲೆಕೆಡಿಸಿಕೊಳ್ಳಬೇಡಿ. ಎರಡೂ ಕಡೆಯ ಫೋನ್ ಮತ್ತು ನಡುವಿನ ಜಾಲವೆಲ್ಲ ಒಪ್ಪಿದರೆ ಮಾತ್ರ ಅದು ಕೇಳಿಸುತ್ತದೆ.

ಹಂತ 9: ನಂಬರ್ ಒಯ್ಯುವುದು

ತಿಂಗಳು ಕಳೆಯಿತು, ಮನಸ್ಸಿಗೆ ಒಪ್ಪಿತು. ಈಗ ಪೋರ್ಟಿಂಗ್. ಇಲ್ಲಿ ಒಂದೇ ದೊಡ್ಡ ತಪ್ಪು ಇದೆ, ಅದನ್ನು ಮಾಡುವವರೂ ಬಹಳ: ಹಳೆಯ ಲೈನನ್ನು ಮೊದಲು ನಿಲ್ಲಿಸುವುದು. ನಿಲ್ಲಿಸಿದ ಕ್ಷಣ ನಂಬರ್ ಹಳೆಯ ಕಂಪನಿಗೆ ವಾಪಸ್ ಹೋಗುತ್ತದೆ, ಆಮೇಲೆ ಒಯ್ಯಲು ಏನೂ ಉಳಿದಿರುವುದಿಲ್ಲ. ಹಳೆಯ ಖಾತೆ ಜೀವಂತ ಇರಬೇಕು, ಬಾಕಿ ಇರಬಾರದು. ಹೊಸ ಕಂಪನಿಯ ಮೂಲಕ ಅರ್ಜಿ ಹಾಕಿ.

ಅರ್ಜಿ ತಿರಸ್ಕಾರ ಆಗುವುದು ಹೆಚ್ಚಾಗಿ ಹೆಸರಿನಿಂದ. ಹಳೆಯ ಬಿಲ್ಲಿನಲ್ಲಿ ತಂದೆಯ ಹೆಸರಿದೆ, ಹೊಸ ಅರ್ಜಿ ಮಗಳ ಹೆಸರಲ್ಲಿದೆ. ಅಥವಾ ಇನಿಷಿಯಲ್ ಹಿಂದೆಮುಂದೆ ಆಗಿದೆ, ವಿಳಾಸದಲ್ಲಿ ಮನೆ ಸಂಖ್ಯೆ ಬೇರೆ ಇದೆ. ಬಿಲ್ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹಾಗೇ ತುಂಬಿ. ಬ್ರಾಡ್‌ಬ್ಯಾಂಡ್ ಅದೇ ಹಳೆಯ ಫೋನ್ ಲೈನಿನ ಮೇಲೆ ಬರುತ್ತಿದ್ದರೆ ಇಲ್ಲಿ ನಿಲ್ಲಿ. ನಂಬರ್ ಹೊರಟರೆ ಅದರ ಜೊತೆ ನೆಟ್ ಕೂಡ ಕಡಿಯಬಹುದು. ಅದನ್ನು ಮೊದಲು ಬೇರೆ ಮಾಡಿಸಿಕೊಳ್ಳಿ.

ನಂಬರ್ ಬದಲಾಗುವ ದಿನ ಕೆಲವು ಹೊತ್ತು ಒಂದು ಕಡೆಯ ಕರೆ ಹಳೆಯದಕ್ಕೆ, ಇನ್ನೊಂದು ಕಡೆಯದು ಹೊಸದಕ್ಕೆ ಬರಬಹುದು, ಹೆದರಬೇಡಿ. ಆ ವಾರ ಬ್ಯಾಂಕಿನ ಒಟಿಪಿ ಈ ನಂಬರಿಗೆ ಬರುವ ಹಾಗೆ ಇಟ್ಟುಕೊಳ್ಳಬೇಡಿ. ಎಷ್ಟೋ ಇಂಟರ್ನೆಟ್ ಫೋನ್ ನಂಬರುಗಳಿಗೆ ಎಸ್‌ಎಂಎಸ್ ಬರುವುದೇ ಇಲ್ಲ ಅನ್ನುವುದನ್ನೂ ಗಮನದಲ್ಲಿಡಿ.

ಹಂತ 10: ಮನೆಯ ತಂತಿ

ಎಟಿಎಗೆ ಒಂದೇ ಫೋನ್ ಜೋಡಿಸುವುದಾದರೆ ಏನೂ ಕೆಲಸವಿಲ್ಲ. ಮನೆಯ ಗೋಡೆಯೊಳಗಿನ ಹಳೆಯ ಫೋನ್ ತಂತಿಗೇ ಎಟಿಎ ಕೊಟ್ಟು ಎಲ್ಲ ಕೋಣೆಗಳಲ್ಲೂ ಫೋನ್ ಬೇಕೆಂದರೆ, ಹೊರಗಿನಿಂದ ಬರುವ ಕಂಪನಿಯ ತಂತಿಯನ್ನು ಮೊದಲು ಪೂರ್ತಿ ಬೇರೆ ಮಾಡಿಸಿ. ಹಳೆಯ ಲೈನ್ ನಿಂತಿದೆ ಅಂದರೂ ಅದರಲ್ಲಿ ವೋಲ್ಟೇಜ್ ಉಳಿದಿರಬಹುದು, ಅದು ಎಟಿಎಯನ್ನು ಸುಟ್ಟುಹಾಕಬಹುದು. ಗೊತ್ತಿಲ್ಲದಿದ್ದರೆ ನೀವೇ ಬಿಚ್ಚಲು ಹೋಗಬೇಡಿ. ಕೋಣೆಗೊಂದು ಫೋನ್ ಬೇಕಾದರೆ ಒಂದೇ ಸ್ಟ್ಯಾಂಡಿಗೆ ಮೂರು ನಾಲ್ಕು ಹ್ಯಾಂಡ್‌ಸೆಟ್ ಇರುವ ಕಾರ್ಡ್‌ಲೆಸ್ ತಗೊಂಡರೆ ಗೋಡೆಯ ತಂತಿಯ ಗೊಡವೆಯೇ ಬೇಡ.

ನಂಬರ್ ಬಂದ ಮೇಲೆ ಹಳೆಯ ಕಂಪನಿಯ ಖಾತೆಯನ್ನು ನೋಡಿ. ಕೆಲವು ಕಡೆ ನಂಬರ್ ಹೋದ ತಕ್ಷಣ ಖಾತೆ ತಾನೇ ಮುಚ್ಚುತ್ತದೆ, ಕೆಲವು ಕಡೆ ನೀವು ಹೇಳುವವರೆಗೂ ಬಾಡಿಗೆ ಓಡುತ್ತಿರುತ್ತದೆ. ಕೊನೆಯ ಬಿಲ್ ಕಟ್ಟಿ, ಠೇವಣಿ ಇದ್ದರೆ ವಾಪಸ್ ಕೇಳಿ, ಬ್ಯಾಂಕಿನಲ್ಲಿ ಕೊಟ್ಟಿದ್ದ ಆಟೋ ಪಾವತಿಯನ್ನು ನೀವೇ ರದ್ದು ಮಾಡಿ. ಖಾತೆ ಮುಚ್ಚಿದ್ದೇವೆ ಎಂಬ ಇಮೇಲನ್ನು ಅಳಿಸದೆ ಇಟ್ಟುಕೊಳ್ಳಿ.